ಚೀಟಿಯ ಲೆಕ್ಕ

ದಿನಕ್ಕೆ ಒಂದು ಪರ್ಸೆಂಟ್ ಸುಧಾರಿಸಿದರೂ ಸಾಕು, ವರ್ಷ ಕಳೆಯುವಷ್ಟರಲ್ಲಿ ಮೂವತ್ತೇಳು ಪಟ್ಟು ಮುಂದಿರುತ್ತೀರಿ ಎಂಬ ಲೆಕ್ಕ ಈಗ ಎಲ್ಲೆಲ್ಲೂ ಕೇಳಿಬರುತ್ತದೆ. ಕ್ಯಾಲ್ಕುಲೇಟರ್ ಒತ್ತಿ ನೋಡಿದರೆ ಗುಣಾಕಾರವೇನೋ ಸರಿಯಾಗಿದೆ. ಅದನ್ನೇ ಎರಡನೇ ವರ್ಷಕ್ಕೂ ಎಳೆದರೆ ಸಾವಿರದ ನಾನೂರು ಪಟ್ಟು ದಾಟುತ್ತದೆ. ವೀಣೆ ಕಲಿಯಲು ಕೂತವರು ಎರಡು ವರ್ಷದಲ್ಲಿ ಸಾವಿರದ ನಾನೂರು ಪಟ್ಟು ಚೆನ್ನಾಗಿ ನುಡಿಸುವುದೆಂದರೆ ಏನೆಂದು ಕೇಳಿದರೆ ಮಾತ್ರ ಯಾರ ಬಳಿಯೂ ಉತ್ತರವಿಲ್ಲ. ಬ್ಯಾಂಕಿನ ಚಕ್ರಬಡ್ಡಿಯನ್ನು ಮನುಷ್ಯನ ದುಡಿಮೆಗೆ ಅಂಟಿಸಿದರೆ ಇಂಥ ಅಸಂಬದ್ಧವೇ ಹುಟ್ಟುವುದು. ಇದರ ಬೆನ್ನಿಗೇ ಬರುವ ಇನ್ನೊಂದು ಉಪದೇಶ ತಾಳ್ಮೆಯದು. ತಾಳಿದವನು ಬಾಳಿಯಾನು ಎನ್ನುತ್ತಾರೆ. ಬಾಳಿಯಾನು, ಸರಿ, ಆದರೆ ಹಿಡಿದ ಕೆಲಸ ಮುಗಿಸಿಯಾನೆಂದು ಗಾದೆ ಎಲ್ಲೂ ಭರವಸೆ ಕೊಟ್ಟಿಲ್ಲ. ತಾಳ್ಮೆ ಕೆಲವರಿಗೆ ಹುಟ್ಟಿನಿಂದ ಬಂದ ಗುಣ, ಅಂಥವರಷ್ಟೇ ದೊಡ್ಡ ಗುರಿ ಮುಟ್ಟುತ್ತಾರೆ ಎಂಬ ನಂಬಿಕೆ ನನಗೆ ತಲೆಕೆಳಗಾಗಿ ಕಾಣುತ್ತದೆ. ಕೆಲಸವನ್ನು ಸರಿಯಾದ ಅಳತೆಗೆ ತುಂಡು ಮಾಡಿಕೊಂಡವರಿಗೆ ತಾಳ್ಮೆ ಆಮೇಲೆ ತಾನಾಗಿ ಬರುತ್ತದೆ. ಇದಕ್ಕೆ ನಿಘಂಟು ಮಾಡಿದವರಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಜರ್ಮನಿಯಿಂದ ಇಲ್ಲಿಗೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಿದ್ದದ್ದು 1894ರಲ್ಲಿ. ಸಾವಿರದ ಏಳುನೂರಕ್ಕೂ ಮಿಕ್ಕ ಪುಟ, ಸುಮಾರು ಎಪ್ಪತ್ತು ಸಾವಿರ ಪದ. ಅವರಿಗೂ ಮೊದಲು ವಿಲಿಯಂ ರೀವ್‌ನ ನಿಘಂಟು ಇತ್ತು, ಆದರೆ ಕಿಟೆಲ್ ಅದನ್ನು ಹಿಗ್ಗಿಸಿ ಸುಮ್ಮನಾಗಲಿಲ್ಲ. ಒಂದು ಪದ ಸಂಸ್ಕೃತದ ತದ್ಭವವೇ, ತಮಿಳು ತೆಲುಗುಗಳಲ್ಲಿ ಅದರ ನೆಂಟರು ಯಾರು, ಯಾವ ಕಾವ್ಯದಲ್ಲಿ ಬಂದಿದೆ, ಯಾವ ಗಾದೆಯಲ್ಲಿ ಬಂದಿದೆ ಎಂದು ಒಂದೊಂದರ ಕೆಳಗೂ ಗುರುತು ಹಾಕುತ್ತ ಹೋದರು. ಎಪ್ಪತ್ತು ಸಾವಿರ ಪದ ಎಂದು ಒಟ್ಟಿಗೆ ನೆನೆದರೆ ಎಂಥವರಿಗೂ ಎದೆ ಕುಸಿದೀತು. ಆದರೆ ನಿಘಂಟುಕಾರನ ಮೇಜಿನ ಮೇಲೆ ಎಪ್ಪತ್ತು ಸಾವಿರ ಪದ ಯಾವತ್ತೂ ಇರುವುದಿಲ್ಲ. ಅಲ್ಲಿರುವುದು ಒಂದೇ ಪದ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ತನ್ನ ಓದುಗ-ಸ್ವಯಂಸೇವಕರಿಂದ ತರಿಸಿಕೊಳ್ಳುತ್ತಿದ್ದ ಚೀಟಿಯನ್ನೇ ನೋಡಿ. ಅರ್ಧ ಹಾಳೆ ಕಾಗದ. ಎಡಗಡೆಯ ಮೇಲಿನ ಮೂಲೆಯಲ್ಲಿ ಪದ, ಕೆಳಗೆ ಇಸವಿ, ಗ್ರಂಥಕರ್ತನ ಹೆಸರು, ಪುಸ್ತಕ, ಪುಟ, ಆಮೇಲೆ ಆ ಪದ ಬಂದಿರುವ ವಾಕ್ಯ. ಅಷ್ಟೇ. ಬರೆಯಲು ಐದು ನಿಮಿಷ ಸಾಕು. ಬರೆದಾದ ಮೇಲೆ ಅದರ ಕೆಲಸ ಅಲ್ಲಿಗೆ ಪೂರ್ತಿ. ನಾಳೆ ಜ್ವರ ಬಂದು ಮಲಗಿದರೂ ಇವತ್ತಿನ ಚೀಟಿ ಅಳಿಸಿಹೋಗುವುದಿಲ್ಲ. ಮರ್ರೆಯ ಮನೆಯ ತೋಟದಲ್ಲಿ ತಗಡಿನ ಶೆಡ್ಡು, ಅದರ ಗೋಡೆಗೆ ಸಾವಿರಕ್ಕೂ ಹೆಚ್ಚು ಗೂಡುಗಳು, ಗೂಡುಗಳಲ್ಲಿ ಚೀಟಿಗಳು. ಅವನ್ನು ಅಕಾರಾದಿಯಾಗಿ ಜೋಡಿಸುವ ಕೆಲಸಕ್ಕೆ ಸ್ವಂತ ಮಕ್ಕಳನ್ನೂ ಕೂರಿಸಿ ಪುಡಿಕಾಸು ಕೊಡುತ್ತಿದ್ದ. ಮಕ್ಕಳ ಕೈಯಲ್ಲೂ ಆಗುವಷ್ಟು ಚಿಕ್ಕ ತುಂಡಾಗಿತ್ತು ಆ ಕೆಲಸ ಎಂಬುದನ್ನು ಗಮನಿಸಬೇಕು.

ಇವರೆಲ್ಲ ಎಷ್ಟು ಕಾಲ ಹಿಡಿದೀತೆಂದು ತಿಳಿದು ಗಟ್ಟಿ ಮನಸ್ಸು ಮಾಡಿ ಇಳಿದವರು ಎಂದುಕೊಂಡರೆ ತಪ್ಪು. ಮರ್ರೆ 1879ರಲ್ಲಿ ಒಪ್ಪಂದಕ್ಕೆ ಕೈ ಹಾಕಿದಾಗ ಹತ್ತು ವರ್ಷದಲ್ಲಿ ಮುಗಿಯುತ್ತದೆ ಎಂದೇ ಎಲ್ಲರ ಅಂದಾಜು. ಐದು ವರ್ಷ ಕಳೆದು ಮೊದಲ ಸಂಚಿಕೆ ಬಂದಾಗ ಇರುವೆಯ ಇಂಗ್ಲಿಷ್ ಹೆಸರಾದ ‘ಆಂಟ್’ವರೆಗೆ ಮಾತ್ರ ತಲುಪಿದ್ದರು. ಮರ್ರೆ 1915ರಲ್ಲಿ ತೀರಿಕೊಂಡ, ನಿಘಂಟು ಮುಗಿದದ್ದು 1928ರಲ್ಲಿ. ಗ್ರಿಮ್ ಸೋದರರು 1838ರಲ್ಲಿ ಆರಂಭಿಸಿದ ಜರ್ಮನ್ ನಿಘಂಟು ಮುಗಿಯಲು 1961 ಬರಬೇಕಾಯಿತು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟಿನ ಕೆಲಸ ಶುರುವಾದದ್ದು 1940ರ ದಶಕದಲ್ಲಿ, ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದೂ ಕೊನೆಯದೂ ಆದ ಸಂಪುಟ 1995ರಲ್ಲಿ. ಅದಕ್ಕಾಗಿ ದುಡಿದ ಡಿ. ಎಲ್. ನರಸಿಂಹಾಚಾರ್ 1971ರಲ್ಲೇ ಹೋದರು. ಇಷ್ಟು ವರ್ಷ ಬೇಕೆಂದು ಮೊದಲೇ ಗೊತ್ತಾಗಿದ್ದರೆ ಇವರಲ್ಲಿ ಎಷ್ಟು ಜನ ಕೈ ಹಾಕುತ್ತಿದ್ದರೋ ಅನುಮಾನ. ಅವರನ್ನು ಕೂರಿಸಿದ್ದು ದೂರದ ಗುರಿಯ ಹಂಬಲವಲ್ಲ, ಹತ್ತಿರದ ಚೀಟಿ. ಇವತ್ತಿನ ಪದದ ಮೂಲ ಸಿಕ್ಕಿತೇ ಇಲ್ಲವೇ ಎಂಬುದಕ್ಕೆ ಉತ್ತರ ಸಂಜೆಯೊಳಗೆ ಸಿಗುತ್ತಿತ್ತು. ಸಂಜೆಗೆ ಉತ್ತರ ಸಿಗುವ ಕೆಲಸಕ್ಕೆ ಯಾವ ತಪಸ್ಸೂ ಬೇಕಿಲ್ಲ.

ಇವರಿಗೆ ಸಂಸ್ಥೆಗಳ ಬೆಂಬಲವಿತ್ತಲ್ಲ, ಕಿಟೆಲ್‌ಗೆ ಮಿಷನ್, ಮರ್ರೆಗೆ ವಿಶ್ವವಿದ್ಯಾಲಯದ ಮುದ್ರಣಾಲಯ, ಇಲ್ಲಿಯವರಿಗೆ ಪರಿಷತ್ತು. ಆಫೀಸು, ಟ್ರಾಫಿಕ್ಕು, ಮಕ್ಕಳ ಹೋಂವರ್ಕ್ ಮುಗಿಸಿ ರಾತ್ರಿ ಹತ್ತಕ್ಕೆ ಪುಸ್ತಕ ಹಿಡಿಯುವವರಿಗೆ ಈ ಮಾತೆಲ್ಲ ಏಕೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ್ದೇ. ಬಿಡುವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಅದನ್ನು ಮರೆಸಿ, ಗುರಿ ಮುಟ್ಟದವರೆಲ್ಲ ಸೋಮಾರಿಗಳೆಂದು ಹೇಳುವ ಪುಸ್ತಕಗಳ ಮೇಲೆ ನನಗೂ ಸಿಟ್ಟಿದೆ. ಆಯಸ್ಸೂ ಅಷ್ಟೆ. ಪರಿಷತ್ತಿನ ನಿಘಂಟಿಗೆ ಹೆಗಲು ಕೊಟ್ಟ ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಬದುಕಿದರು, 1990ರ ದಶಕದಲ್ಲಿ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದ-ಸಂದೇಹಗಳಿಗೆ ಉತ್ತರ ಕೊಡುತ್ತ ಮನೆಮಾತಾದರು. ನರಸಿಂಹಾಚಾರ್ಯರಿಗೆ ಆ ಅದೃಷ್ಟ ಇರಲಿಲ್ಲ. ಆದರೂ ಸಂಸ್ಥೆ ಕೊಟ್ಟದ್ದೇನು ಎಂದು ಬಿಡಿಸಿ ನೋಡಿದರೆ ಸಂಬಳದ ಜೊತೆಗೆ ಇನ್ನೆರಡು ಸಿಗುತ್ತವೆ. ಕೆಲಸ ಇದ್ದಲ್ಲೇ ಇರಲು ಒಂದು ಜಾಗ, ಮುಂದಿನ ಕಂತು ಎಲ್ಲಿ ಎಂದು ಕೇಳುವ ಒಬ್ಬರು. ಸಂಬಳವನ್ನು ನಾವು ಸೃಷ್ಟಿಸಿಕೊಳ್ಳಲಾರೆವು. ಉಳಿದೆರಡನ್ನು ಒಂದಿಷ್ಟಾದರೂ ಹೊಂದಿಸಿಕೊಳ್ಳಬಹುದು: ದಿನವೂ ತೆಗೆದು ಮಡಚಿಡಬೇಕಾಗದಂತೆ ತೆರೆದೇ ಇರುವ ಒಂದು ಮೂಲೆ, ತಿಂಗಳಿಗೊಮ್ಮೆ ಬರೆದದ್ದನ್ನು ತೋರಿಸು ಎನ್ನುವ ಒಬ್ಬ ಸ್ನೇಹಿತೆ.

ಒಂದು ದಿನ ತಪ್ಪಿದರೆ ಎಲ್ಲ ಮುಗಿಯಿತು ಎಂಬ ಭಯವೂ ಪ್ರೇರಣಾ ಭಾಷಣಕಾರರ ಕೊಡುಗೆಯೇ. ಮೊಬೈಲ್ ಆ್ಯಪ್‌ಗಳು ಸತತ ದಿನಗಳನ್ನು ಎಣಿಸಿ, ಒಂದು ತಪ್ಪಿದರೆ ಸೊನ್ನೆಗೆ ಇಳಿಸಿ ಹೆದರಿಸುತ್ತವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಊಟ, ಪಾನೀಯ, ವ್ಯಾಯಾಮಗಳಿಗೆ ಸಂಬಂಧಿಸಿದ ಒಂದೊಂದು ಹೊಸ ರೂಢಿಯನ್ನು ಆರಿಸಿಕೊಂಡ 96 ಜನರನ್ನು ಹನ್ನೆರಡು ವಾರ ಗಮನಿಸಿದರು. ರೂಢಿ ನೆಲೆಯೂರಲು ಮಧ್ಯಮ ಅಂದಾಜು 66 ದಿನ. ಆದರೆ ಒಬ್ಬೊಬ್ಬರಿಗೆ ಒಂದೊಂದು ತರಹ, 18ರಿಂದ 254 ದಿನಗಳವರೆಗೆ. ಇಪ್ಪತ್ತೊಂದು ದಿನದ ಪ್ರಸಿದ್ಧ ಸೂತ್ರಕ್ಕೆ ಅಲ್ಲಿ ಜಾಗವಿಲ್ಲ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೂ ಕಾಣಲಿಲ್ಲ. ನಿತ್ಯ ಎಂದರೆ ಮುರಿಯದ ಸರಪಳಿ ಎಂಬ ಕಲ್ಪನೆಯನ್ನು ಬಿಟ್ಟರೆ ಅರ್ಧ ಜನ ಫೆಬ್ರವರಿಯಲ್ಲಿ ಕೈಬಿಡುವುದಿಲ್ಲವೇನೋ.

ಇನ್ನೂ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ದಿನದ ತುಂಡಿನಲ್ಲಿ ಮುಳುಗಿದವನಿಗೆ ದಾರಿಯೇ ತಪ್ಪಿದ್ದರೂ ತಿಳಿಯದು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಕೈಗೊಂಡ ಸಂಸ್ಕೃತ ನಿಘಂಟಿಗೆ ಕೋಟಿಯ ಹತ್ತಿರ ಚೀಟಿಗಳು ಕೂಡಿದವು. ಮೂವತ್ತೈದು ಸಂಪುಟ ಬಂದ ಮೇಲೂ ಅದಿನ್ನೂ ‘ಅ’ ಅಕ್ಷರದೊಳಗೇ ಇತ್ತು. ಅದು ವ್ಯರ್ಥವೆಂದು ನಾನು ಹೇಳಲಾರೆ, ಬಂದ ಅಷ್ಟು ಭಾಗವೇ ವಿದ್ವಾಂಸರಿಗೆ ನಿಧಿ. ಆದರೆ ಒಬ್ಬ ವ್ಯಕ್ತಿ ತನ್ನ ಒಂದೇ ಬಾಳನ್ನು ಆ ಗತಿಗೆ ಒಪ್ಪಿಸಬಾರದು. ದಿನದ ಕೆಲಸ ಮಾಡುವವನೂ ಅದರ ಗತಿ ಅಳೆಯುವವನೂ ಒಂದೇ ಹೊತ್ತಿನಲ್ಲಿ ಒಬ್ಬನೇ ಆಗಲಾರ. ಆದ್ದರಿಂದ ಯುಗಾದಿಗೊಮ್ಮೆಯೋ ಹುಟ್ಟಿದ ದಿನವೋ ಚೀಟಿ ಪಕ್ಕಕ್ಕಿಟ್ಟು, ಈ ಲೆಕ್ಕದಲ್ಲಿ ಎಂದಿಗೆ ಮುಗಿಯುತ್ತದೆ, ಅಷ್ಟು ಕಾಲ ಕೊಡಲು ನನಗೆ ಈಗಲೂ ಮನಸ್ಸಿದೆಯೇ ಎಂದು ಕೇಳಿಕೊಳ್ಳಬೇಕು. ಇಲ್ಲವೆಂದರೆ ಬಿಡುವುದರಲ್ಲಿ ಅವಮಾನವೇನಿಲ್ಲ. ಉಳಿದ ದಿನಗಳಲ್ಲಿ ಆ ಪ್ರಶ್ನೆಯನ್ನು ಹತ್ತಿರ ಸುಳಿಯಲು ಬಿಡದಿರುವುದು ಮೇಲು.

ನನ್ನ ವಾದ ಎಲ್ಲ ಗುರಿಗೂ ಹೊಂದುವುದಿಲ್ಲ. ಪುಸ್ತಕ ಬರೆಯುವುದು, ಸಾಲ ತೀರಿಸುವುದು, ಊರಿನ ಸಸ್ಯಗಳ ಪಟ್ಟಿ ಮಾಡುವುದು, ಇವೆಲ್ಲ ಚೀಟಿಯ ಜಾತಿಯವು, ಮಾಡಿದಷ್ಟು ಉಳಿಯುತ್ತದೆ. ಮ್ಯಾರಥಾನ್ ಓಟ, ಗಾಯನದ ಕಂಠ ಅಂಥವಲ್ಲ. ಎರಡು ತಿಂಗಳು ಬಿಟ್ಟರೆ ಮಾಡಿದ್ದರಲ್ಲಿ ಒಂದು ಪಾಲು ಕರಗಿರುತ್ತದೆ. ಓಟಗಾರನಿಗೆ ನಿತ್ಯದ ಅಭ್ಯಾಸ ಬೇಕಾಗುವುದು ಮುಂದೆ ಹೋಗಲು ಮಾತ್ರವಲ್ಲ, ಇದ್ದಲ್ಲಿ ನಿಲ್ಲಲಿಕ್ಕೂ. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಬರೆದು ಒಂದೇ ಶಿಸ್ತು ಹೇರಿಕೊಳ್ಳುವುದರಿಂದಲೇ ಬಹಳ ಸಂಕಲ್ಪಗಳು ಕೆಡುತ್ತವೆ ಎಂದು ನನ್ನ ಗುಮಾನಿ. ಕಂಠಕ್ಕೆ ಬೆಳಗಿನ ಹೊತ್ತು ಕಡ್ಡಾಯ ಮಾಡಿಕೊಳ್ಳಲಿ. ಪುಸ್ತಕ ಬರೆಯುವವರು ಒಂದು ವಾರ ಕೆಲಸ ನಿಂತರೆ ಹಳಹಳಿಸದೆ ಸೋಮವಾರ ಹೋಗಿ ಕೂರಬಹುದು. ಅವರ ನಲವತ್ತನೇ ಪುಟ ಇಟ್ಟಲ್ಲೇ ಇರುತ್ತದೆ. ಕಿಟೆಲ್ ತೀರಿಕೊಂಡು ಅರವತ್ತೈದು ವರ್ಷ ಕಳೆದ ಮೇಲೆ ಮದರಾಸು ವಿಶ್ವವಿದ್ಯಾಲಯ ಮರಿಯಪ್ಪ ಭಟ್ಟರ ಪರಿಷ್ಕರಣದೊಂದಿಗೆ ಅವರ ನಿಘಂಟನ್ನು ನಾಲ್ಕು ಸಂಪುಟಗಳಲ್ಲಿ ತರತೊಡಗಿದಾಗಲೂ ಕೆಲಸ ಮತ್ತೆ ‘ಅ’ದಿಂದ ಶುರುವಾಗಬೇಕಾಗಲಿಲ್ಲ, ಹಳೆಯದರ ಮೇಲೆ ಹೊಸದನ್ನು ಸೇರಿಸಿದರೆ ಸಾಕಾಗಿತ್ತು.