ಹಾಲು ತುಂಬುವ ಹೊತ್ತು

ಜೋಳದ ರೊಟ್ಟಿ ಬಡಿಯಬಲ್ಲ ಸೋದರಿಯರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಕುದಿಯುವ ಎಸರು ಹಾಕಿ ಹಿಟ್ಟನ್ನು ನಾದುವಾಗಲೇ, ಅದಕ್ಕೆ ಜಿಗಿ ಇದೆಯೋ ಇಲ್ಲವೋ ಎಂಬುದು ಅಂಗೈಗೆ ತಿಳಿದುಬಿಡುತ್ತದೆ. ಗೋದಿಗಿರುವ ಅಂಟು ಜೋಳಕ್ಕಿಲ್ಲ. ಬಿಸಿನೀರಿನಲ್ಲಿ ಬೆಂದ ಪಿಷ್ಟವೇ ರೊಟ್ಟಿಯನ್ನು ಹರಿಯದಂತೆ ಹಿಡಿದಿಡಬೇಕು. ಆ ಪಿಷ್ಟ ಎಲ್ಲಿಂದ ಬರುತ್ತದೆ, ಯಾವಾಗ ಬಾರದೆ ಹೋಗುತ್ತದೆ ಎಂಬುದನ್ನು ಅರಿಯಲು ಮಾತ್ರ ನನಗೆ ಇಪ್ಪತ್ತಾರು ವರುಷಗಳು ಬೇಕಾದವು.

ನನ್ನ ತವರು ಅಂದಿನ ವಿಜಾಪುರ, ಇಂದಿನ ವಿಜಯಪುರ ಜಿಲ್ಲೆಯ ಒಂದು ಹಳ್ಳಿ. 'ಡೋಣಿ ಹರಿದರ ಓಣೆಲ್ಲಾ ಜೋಳ' ಎಂಬ ಗಾದೆ ಹುಟ್ಟಿದ ಸೀಮೆಯದು. ಅಲ್ಲಿಯ ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆಯನ್ನು ಹೆಚ್ಚಾಗಿ ನೆಚ್ಚುವುದಿಲ್ಲ. ಮಳೆಗಾಲದಲ್ಲಿ ಎರೆ ಭೂಮಿ ಕುಡಿದಿಟ್ಟುಕೊಂಡ ನೀರನ್ನೇ ಬೇರಿನಿಂದ ಹೀರಿ ಬೆಳೆಯುತ್ತದೆ. ಆ ನೆಲದೊಳಗಿನ ತೇವಕ್ಕೆ ನಮ್ಮವರು 'ಹಸಿ' ಎನ್ನುತ್ತಾರೆ. ಹಸಿ ಆರದಿರಲೆಂದೇ ಸಾಲಿನ ನಡುವೆ ಎಡೆ ಹೊಡೆದು, ಬಿರಿದ ನೆಲದ ಬಾಯಿ ಮುಚ್ಚುತ್ತಾರೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಅಪ್ಪ ಮೊದಲು ಮಾಡುತ್ತಿದ್ದ ಕೆಲಸವೆಂದರೆ, ಬಾಗಿ ಒಂದು ಹಿಡಿ ಮಣ್ಣನ್ನು ಕೆದಕಿ ಮುಷ್ಟಿಯಲ್ಲಿ ಹಿಸುಕಿ ನೋಡುವುದು.

1985ರ ಹಿಂಗಾರು ನಮ್ಮೂರಿಗೆ ಕೈಕೊಟ್ಟಿತು. ನಾನಾಗ ಧಾರವಾಡದಲ್ಲಿ ಬಿ.ಎ. ಮೊದಲ ವರ್ಷದಲ್ಲಿದ್ದೆ. ಮರುವರ್ಷ ಬೇಸಿಗೆಯ ರಜೆಗೆ ಬಂದಾಗ ಅವ್ವ ಹೊಸ ಜೋಳದ ರೊಟ್ಟಿ ಮಾಡುತ್ತಿದ್ದಳು. ಒಂದಾದರೂ ಇಡಿಯಾಗಿ ಹಂಚಿಗೆ ಬೀಳಲೊಲ್ಲದು. ಬಿದ್ದದ್ದೂ ಕೆಂಪಗೆ, ಒರಟಾಗಿತ್ತು. ಹದಿನೆಂಟರ ಉಡಾಫೆಯಲ್ಲಿ, "ಇದೆಂಥಾ ಜೋಳ ಅವ್ವಾ, ಇದಕ್ಕಿಂತ ಹಾಸ್ಟೆಲಿನ ರೊಟ್ಟೀನ ಚಲೋ" ಎಂದುಬಿಟ್ಟೆ. ಎದುರಿಗೆ ಉಣ್ಣುತ್ತಿದ್ದ ಅಪ್ಪ ಕ್ಷಣಕಾಲ ಕೈ ತಡೆದು, "ಕಾಳಿಗೆ ಹಾಲು ತುಂಬೂ ಹೊತ್ತಿನ್ಯಾಗ ಭೂಮ್ಯಾಗ ಹಸಿ ಇದ್ದಿದ್ದಿಲ್ಲವ್ವಾ" ಎಂದರು. ಅಷ್ಟೇ. ಯಾರ ತಪ್ಪನ್ನೋ ತಾವು ಒಪ್ಪಿಕೊಂಡಂತಿತ್ತು ಆ ದನಿ.

1993ರಲ್ಲಿ ಮದುವೆಯಾಗಿ ಇಲಿನಾಯ್ ರಾಜ್ಯಕ್ಕೆ ಬಂದೆ. ನಮ್ಮ ಬಡಾವಣೆ ಮುಗಿಯುವಲ್ಲಿಂದ ಮುಸುಕಿನ ಜೋಳದ ಹೊಲಗಳು ಆರಂಭವಾಗುತ್ತವೆ. ಇಲ್ಲಿಯ ಮಣ್ಣೂ ಕಪ್ಪು. ಆದರೆ ಇಲ್ಲಿ ಬರವೆಂಬುದುಂಟೆಂದು ನಾನು ಎಣಿಸಿರಲಿಲ್ಲ. 2012ರ ಬೇಸಿಗೆ ಆ ಭ್ರಮೆಯನ್ನು ಕಳೆಯಿತು. ಆ ಜುಲೈ ತಿಂಗಳಿನಲ್ಲಿ ಎಲೆಗಳು ಹಗಲೆಲ್ಲ ಸುರುಳಿ ಸುತ್ತಿಕೊಂಡು ಈಟಿಗಳಂತೆ ನಿಂತಿದ್ದವು. ನಾವು ತರಕಾರಿ ಕೊಳ್ಳುತ್ತಿದ್ದ ಎಪ್ಪತ್ತರ ವೃದ್ಧ ರೈತನೊಬ್ಬ ನನ್ನನ್ನು ಹೊಲದಂಚಿಗೆ ಕರೆದೊಯ್ದು ತೆನೆಯೊಂದರ ಸಿಪ್ಪೆ ಸುಲಿದು ತೋರಿಸಿದ. ಬುಡದಲ್ಲಿ ಅಲ್ಲೊಂದು ಇಲ್ಲೊಂದು ಕಾಳು. ತುದಿಯೆಲ್ಲ ಬರಿಯ ಬೆಂಡು.

ಅವನು ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು ಸೇರಿಸಿ ಬರೆಯುತ್ತೇನೆ. ನೀರು ಸಾಲದಾದಾಗ ಪೈರು ಎಲೆಯ ಮೇಲಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರೇನೋ ಉಳಿಯುತ್ತದೆ, ಆದರೆ ಗಾಳಿಯೊಳಗಿನ ಇಂಗಾಲಾಮ್ಲವೂ ಒಳಬರಲಾರದೆ ಅಡುಗೆ ನಿಲ್ಲುತ್ತದೆ. ಬೆಳೆ ಗಿಡ್ಡಾಗುತ್ತದೆ, ಎಲೆ ಕಿರಿದಾಗುತ್ತದೆ. ಎಳೆಯದಿರುವಾಗಿನ ಬರವನ್ನು ಪೈರು ಹೇಗೋ ಸಹಿಸಿ, ಮಳೆ ಬಂದರೆ ಚೇತರಿಸಿಕೊಂಡೀತು. ಹೂವಿನ ಹೊತ್ತಿನ ಬರಕ್ಕೆ ಅಂತಹ ಕ್ಷಮೆಯಿಲ್ಲ. ಮುಸುಕಿನ ಜೋಳದ ತೆನೆಯ ಒಂದೊಂದು ರೇಷ್ಮೆಯೆಳೆಯೂ ಒಂದೊಂದು ಕಾಳಿನ ದಾರಿ. ಬರದಲ್ಲಿ ಆ ಎಳೆಗಳು ತಡವಾಗಿ ಹೊರಬರುವಷ್ಟರಲ್ಲಿ ಮೇಲಿನ ಹೂವಿನ ಪರಾಗ ಉದುರಿ ಮುಗಿದಿರುತ್ತದೆ. ಆ ವರುಷ ಈ ದೇಶದಲ್ಲಿ ಎಕರೆಗೆ 166 ಬುಷೆಲ್ ನಿರೀಕ್ಷೆಯಿದ್ದದ್ದು 123ರ ಆಸುಪಾಸಿಗೆ ಇಳಿಯಿತು.

ಹೂವಿನ ಹೊತ್ತಿನ ಬರ ಕಾಳುಗಳ ಎಣಿಕೆಯನ್ನು ಕಡಿಮೆ ಮಾಡಿದರೆ, ಹಾಲು ತುಂಬುವ ಹೊತ್ತಿನ ಬರ ಕಾಳಿನ ತೂಕವನ್ನೂ ಗುಣವನ್ನೂ ಕಸಿಯುತ್ತದೆ. ಪಿಷ್ಟ ತುಂಬದ ಕಾಳು ಸುಕ್ಕಾಗಿ ಹಗುರವಾಗುತ್ತದೆ. ತಿರುಳು ಕಡಿಮೆಯಾಗಿ ತೌಡಿನ ಪಾಲು ಹೆಚ್ಚುತ್ತದೆ. ತೂಕಕ್ಕೆ ನೋಡಿದರೆ ಸಸಾರಜನಕದ ಪ್ರಮಾಣ ತುಸು ಏರಿದಂತೆ ಕಾಣುವುದುಂಟು. ಅದು ಹೆಚ್ಚಿದ್ದರಿಂದಲ್ಲ, ಪಿಷ್ಟ ಇಳಿದದ್ದರಿಂದ. ಬಿಸಿಲಿಗೆ ಬಳಲಿದ ಮುಸುಕಿನ ಜೋಳಕ್ಕೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಿಸುವ ಬೂಷ್ಟೂ ತಗಲುತ್ತದೆ. ನಮ್ಮ ಹಿಂಗಾರಿ ಜೋಳದ ಪಾಡು ಇನ್ನೂ ಕರುಣಾಜನಕ: ಎಲೆ ಒದಗಿಸಲಾರದ್ದನ್ನು ಪೈರು ತನ್ನ ದಂಟಿನಿಂದಲೇ ಬಸಿದು ತೆನೆಗೆ ಕಳುಹಿಸುತ್ತದೆ. ಹಾಗೆ ಸೊರಗಿದ ದಂಟು ಬುಡದಲ್ಲಿ ಕೊಳೆತು, ಒಳಗೆ ಕರಿಯಾಗಿ, ಮುರಿದು ನೆಲಕ್ಕೊರಗುತ್ತದೆ.

ಆ ಹೊಲದಂಚಿನಲ್ಲಿ ನಿಂತಾಗ ಅಪ್ಪನ ಮಾತು ನನಗೆ ಕೇಳಿಸಿತು. ಅಪ್ಪ ತೀರಿಕೊಂಡು ಆಗ ನಾಲ್ಕು ವರುಷಗಳಾಗಿದ್ದವು. ಆ ರಾತ್ರಿ ತಮ್ಮನಿಗೆ ಫೋನು ಮಾಡಿ ಆ ವರುಷದ ಬಗ್ಗೆ ಕೇಳಿದೆ. "ಅಕ್ಕಾ, ಕಾಳಷ್ಟೇ ಅಲ್ಲ, ಕಣಿಕೀನೂ ಇದ್ದಿದ್ದಿಲ್ಲ. ಎತ್ತು ಮಾರಿ ನಿನ್ನ ಹಾಸ್ಟೆಲಿನ ಫೀ ಕಟ್ಟಿದ್ರು. ಎಲ್ಲಾರೂ ಮಾರೂದಕ್ಕ ಅರ್ಧಾ ಬೆಲಿನೂ ಬಂದಿದ್ದಿಲ್ಲ" ಎಂದನು. ನಮ್ಮ ನೆರೆಯ ರೈತನಿಗೆ ಬೆಳೆವಿಮೆಯ ಹಣ ಬಂದಿತು. ಅಪ್ಪನಿಗೆ ಇದ್ದ ವಿಮೆ ಆ ಜೋಡೆತ್ತು ಮಾತ್ರ. ಹಾಸ್ಟೆಲಿನ ರೊಟ್ಟಿಯೇ ಚೆನ್ನೆಂದು ನಾನು ಆಡಿದ್ದು ಯಾರ ಮುಂದೆ ಎಂಬುದು ಅಂದು ತಿಳಿಯಿತು.

2023ರಲ್ಲಿ ಮತ್ತೆ ಬರ. ಕರ್ನಾಟಕದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರಕಾರ ಸಾರಿತು. ಆರು ಎಕರೆಯಲ್ಲಿ ಮೂರನ್ನು ಮಾರಬೇಕಾಗಿದೆ, ನನ್ನ ಸಹಿ ಬೇಕೆಂದು ತಮ್ಮ ಸಂಕೋಚದಿಂದ ಕೇಳಿದ. ಮಾರಬೇಡ ಎನ್ನಲು ನಾಲಗೆಯ ತುದಿಗೆ ಬಂದಿತ್ತು. ಆದರೆ ಹಸಿ ನೋಡಲು ದಿನವೂ ಬಾಗುವವನು ಅವನು. ಸಾವಿರಾರು ಮೈಲಿ ಆಚೆ ಕುಳಿತು ನೆಲವನ್ನು ಪ್ರೀತಿಸುವುದು ಸುಲಭ. ನನ್ನ ಪಾಲಿನ ಹಕ್ಕನ್ನು ಬಿಟ್ಟು ಸಹಿ ಮಾಡಿ ಕಳುಹಿಸಿದೆ. ಉಳಿದ ಮೂರು ಎಕರೆಯನ್ನು ಅವನೇ ಉಳುತ್ತಿದ್ದಾನೆ.

ಮರುವರ್ಷ ಊರಿನಿಂದ ಬಂದ ಬಂಧುಗಳ ಕೈಯಲ್ಲಿ ತಮ್ಮ ಆ ಬೆಳೆಯ ಎರಡು ಕಿಲೋ ಹಿಟ್ಟನ್ನು ಕಳುಹಿಸಿದ್ದ. "ಜಿಗಿ ಇಲ್ಲಕ್ಕಾ, ಬೈಬ್ಯಾಡ" ಎಂಬ ಚೀಟಿ ಜೊತೆಗಿತ್ತು. ಎಸರಿಟ್ಟು ನಾದಿದೆ. ಒಂದು ರೊಟ್ಟಿಯೂ ಇಡಿಯಾಗಿ ಏಳಲಿಲ್ಲ. ಅಂಗಡಿಯ ಹಿಟ್ಟಿದೆಯಲ್ಲಾ ಎಂದು ಮಕ್ಕಳು ನೆನಪಿಸಿದರು. ನಾನು ತುಂಡುಗಳನ್ನೆಲ್ಲ ತಟ್ಟೆಗೆ ಹಾಕಿಕೊಂಡು, ಒಂದನ್ನೂ ಬಿಡದೆ ಉಂಡೆ.