ತಮಟೆಯ ಲೆಕ್ಕ

ವಾರ್ಷಿಕ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದಾಗ ನಾನು ಮೂರು ದಿನ ಅವರ ಕಣ್ಣಿಗೆ ಬೀಳದೆ ತಿರುಗಿದೆ. ಡಿ.ವಿ.ಜಿ.ಯವರು 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದರು, ಮಾಲೂರು ತಾಲ್ಲೂಕಿನ ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂದಿತು ಎಂದು ವರ್ಷ ವರ್ಷವೂ ಸ್ವಾಗತ ಭಾಷಣದಲ್ಲಿ ಕೇಳಿದ ಮೇಲೆ, ಇಂಥ ನೆಲದಲ್ಲಿ ನನ್ನಂಥವನು ಲೇಖನಿ ಹಿಡಿಯುವುದು ಉದ್ಧಟತನವಲ್ಲದೆ ಮತ್ತೇನು? ಆದರೆ ನಾಲ್ಕನೆಯ ದಿನ ಕೋಲಾರದ ಬಸ್ ನಿಲ್ದಾಣದಲ್ಲಿ ಅವರ ಕೈಗೆ ಸಿಕ್ಕಿಬಿದ್ದೆ. "ನಿನಗೆ ಗೊತ್ತಿರುವುದನ್ನೇ ಬರೆಯಪ್ಪಾ" ಎಂದರು. ನನಗೆ ಚೆನ್ನಾಗಿ ಗೊತ್ತಿರುವುದು ಒಂದೇ ಒಂದು. ಮೂರು ವರ್ಷಗಳಿಂದ ಈ ಕಾಲೇಜಿನಲ್ಲಿ ನಾನು ಮುಚ್ಚಿಟ್ಟುಕೊಂಡು ಬಂದುದೂ ಅದನ್ನೇ. ನಮ್ಮ ತಂದೆ ತಮಟೆ ಬಾರಿಸುವವರು.

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ತೋಪುಗಳ ನಡುವಿನ ಒಂದು ಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತಮಟೆಗೆ ಮಾತ್ರ ಎರಡರ ಹಂಗೂ ಇಲ್ಲ. ತಾತನ ಕಾಲದಲ್ಲಿ ಅದಕ್ಕೆ ಕೂಲಿಯೆಂಬುದು ಇರಲಿಲ್ಲವಂತೆ. ಸುಗ್ಗಿಯಲ್ಲಿ ಕಣದ ಅಂಚಿಗೆ ಹೋಗಿ ನಿಂತರೆ ರಾಗಿ ಹಾಕುತ್ತಿದ್ದರು. ಎಷ್ಟು ಎಂಬುದು ಹಾಕುವವರ ಮನಸ್ಸಿಗೆ ಬಿಟ್ಟದ್ದು. ದೇವರ ಮುಂದೆ, ಮದುವಣಿಗನ ಮುಂದೆ, ಹೆಣದ ಮುಂದೆ, ಎಲ್ಲಕ್ಕೂ ತಮಟೆ ಬೇಕು. ಬಾರಿಸಿದವನು ಮಾತ್ರ ಜಗುಲಿಯ ಕೆಳಗೇ ನಿಲ್ಲಬೇಕು. ತಂದೆಯ ಕಾಲಕ್ಕೆ ರಾಗಿ ಹೋಗಿ ರೂಪಾಯಿ ಬಂದಿತು. ಜಗುಲಿ ಇದ್ದಲ್ಲಿಯೇ ಇದ್ದಿತು. ಆದುದರಿಂದಲೇ ಇರಬೇಕು, ಚಿಕ್ಕಂದಿನಲ್ಲಿ ನಾನು ಕೋಲುಗಳನ್ನು ಮುಟ್ಟಲು ಹೋದರೆ ಅವರು ಕಸಿದುಕೊಂಡು, "ಇದು ನನ್ನ ಕೈಗೆ ಸಾಕು, ನೀನು ಪುಸ್ತಕ ಹಿಡಿ" ಎನ್ನುತ್ತಿದ್ದರು. ನಾನು ಪುಸ್ತಕ ಹಿಡಿದೆ. ನಮ್ಮ ಮನೆತನದಲ್ಲಿ ಪದವಿ ತರಗತಿಯ ಬೆಂಚಿನ ಮೇಲೆ ಕುಳಿತವರಲ್ಲಿ ನಾನೇ ಮೊದಲಿಗ.

ಕಳೆದ ವರ್ಷ ನಮ್ಮ ಕಾಲೇಜಿನ ಉತ್ಸವದ ಮೆರವಣಿಗೆಗೆ ಒಂದು ತಂಡವನ್ನು ಗೊತ್ತುಮಾಡಿದ್ದುದು ಎಲ್ಲರಿಗೂ ನೆನಪಿರಬಹುದು. ಹಿಂದಿನ ರಾತ್ರಿ ತಂದೆ, "ನಾಳೆ ಕೋಲಾರದಲ್ಲಿ ಕೆಲಸವಿದೆ" ಎಂದಷ್ಟೇ ಹೇಳಿದ್ದರು. ಬೆಳಿಗ್ಗೆ ನಾನು ಗೇಟಿನ ಬಳಿಗೆ ಬರುವಾಗ, ಮರದ ಕೆಳಗೆ ಹುಲ್ಲಿನ ಬೆಂಕಿ ಹಾಕಿ ತಮಟೆಗಳನ್ನು ಕಾಯಿಸುತ್ತಿದ್ದರು. ಚರ್ಮ ಬಿಸಿಗೆ ಬಿಗಿಯಬೇಕು, ಬಿಗಿದರೇನೇ ನಾದ. ಬೆಂಕಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬೆರಳಿನಿಂದ ತಟ್ಟಿ ನೋಡುತ್ತಿದ್ದವರು ನಮ್ಮ ತಂದೆ. ತಲೆಯೆತ್ತಿ ನನ್ನನ್ನು ನೋಡಿದರು. ನನ್ನ ಜೊತೆ ಸ್ನೇಹಿತರಿದ್ದರು. ಅವರು ಕೂಡಲೇ ಮತ್ತೆ ತಲೆ ಬಗ್ಗಿಸಿದರು. ನನಗಾಗಿ ಬಗ್ಗಿಸಿದರೆಂದು ನನಗೆ ತಿಳಿಯಿತು. ತಿಳಿದೂ ನಾನು ಮಾತನಾಡಿಸದೆ ಒಳಕ್ಕೆ ಹೋದೆ. ಇದನ್ನು ಬರೆಯುವಾಗ ಇಂದಿಗೂ ಕೈ ಹಿಂಜರಿಯುತ್ತದೆ.

ಉತ್ಸವದ ದಿನ ಮನುಷ್ಯರಿಲ್ಲದ ಜಾಗವೆಂದರೆ ಗ್ರಂಥಾಲಯ. ಅಲ್ಲಿ ಹೋಗಿ ಕುಳಿತೆ. ಓದುವ ನಟನೆಗಾಗಿ ಕೈಗೆ ಬಂದ ಪುಸ್ತಕವನ್ನು ತೆಗೆದೆ. ಅದು ಡಾ. ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳನ್ನು ಕುರಿತು ಬರೆದ ಗ್ರಂಥ. ಹೊರಗೆ ತಮಟೆ ಶುರುವಾಯಿತು. ಒಳಗೆ ನಾನು ನೀಲಗಾರರನ್ನೂ ಕಂಸಾಳೆಯವರನ್ನೂ ಗೊರವರನ್ನೂ ಕುರಿತು ಓದತೊಡಗಿದೆ. ಹೊಲದಲ್ಲಿ ಕೆಲಸದ ಜೊತೆಗೆ ಹಾಡುವವರಿದ್ದಾರೆ; ಹಾಡೇ ಕೆಲಸವಾದವರೂ ಇದ್ದಾರೆ. ಈ ಎರಡನೆಯವರನ್ನು ವಿದ್ವಾಂಸರು ವೃತ್ತಿಗಾಯಕರು ಎಂದು ಕರೆಯುತ್ತಾರೆ. ವೃತ್ತಿ! ವಕೀಲರಿಗೆ, ವೈದ್ಯರಿಗೆ ಇರುವ ಆ ಶಬ್ದ ಜೋಳಿಗೆ ಹಾಕಿಕೊಂಡು ಮನೆ ಮನೆಗೆ ಹೋಗಿ ಹಾಡುವವನಿಗೂ ಉಂಟೆಂಬುದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಜೀ.ಶಂ.ಪ. ಅವರು 1933ರಲ್ಲಿ ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯಲ್ಲಿ ಹುಟ್ಟಿದವರು. ನಮ್ಮಂತೆಯೇ ಹಳ್ಳಿಯವರು. ಓದಿ ಪಟ್ಟಣ ಸೇರಿದ ಮೇಲೆ ಹಳ್ಳಿಯನ್ನು ಮರೆಯುವುದು ಲೋಕರೂಢಿ. ಅವರು ತಿರುಗಿ ಹಳ್ಳಿಗಳಿಗೇ ಹೋಗಿ, ಹಾಡುವವರ ಮುಂದೆ ಕುಳಿತರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾದಾಗ ಅದನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಅಲ್ಲಿ ಜಾನಪದವು ಎಂ.ಎ. ತರಗತಿಯ ವಿಷಯವಾಗಿ ನೆಲೆಗೊಂಡುದರಲ್ಲಿಯೂ ಅವರ ದುಡಿಮೆ ದೊಡ್ಡದು. 1995ರಲ್ಲಿ ಅವರು ತೀರಿಕೊಂಡರು. ಅದೇ ನಾಗಮಂಗಲ ತಾಲ್ಲೂಕಿನವರಾದ ಎಚ್.ಎಲ್. ನಾಗೇಗೌಡರು ಸರ್ಕಾರದ ದೊಡ್ಡ ಅಧಿಕಾರಿಯಾಗಿದ್ದವರು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಇಂಥ ಮಹನೀಯರಿಂದಾಗಿ ನಮ್ಮ ಹಾಡುಗಳಿಗೆ ಚರಿತ್ರೆಯೊಂದು ದೊರೆಯಿತು.

ಆದರೆ ನನ್ನ ಮನಸ್ಸು ಒಂದು ಒರಟು ಪ್ರಶ್ನೆಯನ್ನು ಕೇಳುತ್ತಲೇ ಇದ್ದಿತು. ವೃತ್ತಿಯೆಂದ ಮೇಲೆ ಲೆಕ್ಕ ಬೇಡವೇ? ಹಾಡನ್ನು ಬರೆದುಕೊಂಡವನಿಗೆ ಪದವಿ ಬಂದಿತು, ಹಾಡಿದವನಿಗೆ ಬಂದುದೇನು?

ಇದನ್ನು ನಮ್ಮ ಅಧ್ಯಾಪಕರೊಬ್ಬರ ಬಳಿ ಕೇಳಿದೆ. ಅವರು ನಗಲಿಲ್ಲ. ಅಮೆರಿಕದ ನ್ಯಾಶ್‌ವಿಲ್ ಎಂಬ ಊರಿನ ಮಾತೆತ್ತಿದರು. ಅಲ್ಲಿಯ ಗುಡ್ಡಗಾಡು ರೈತರ ಹಾಡು ರೇಡಿಯೋಗೆ ಏರಿ, ತಟ್ಟೆಗೆ ಇಳಿದು, 'ಕಂಟ್ರಿ ಮ್ಯೂಸಿಕ್' ಎಂಬ ಹೆಸರಿನಲ್ಲಿ ದೊಡ್ಡ ವ್ಯಾಪಾರವಾಯಿತಂತೆ. ಆ ಊರಿನ ಬೆಲ್ಮಾಂಟ್ ವಿಶ್ವವಿದ್ಯಾನಿಲಯದಲ್ಲಿ ಸಂಗೀತದ ವ್ಯಾಪಾರವೇ ಒಂದು ಪಾಠ. ಡಾನ್ ಕ್ಯೂಸಿಕ್ ಎಂಬುವರು 1994ರಲ್ಲಿ ಅಲ್ಲಿ ಆ ವಿಷಯದ ಪ್ರಾಧ್ಯಾಪಕರಾದರು. ಆ ಹಳ್ಳಿಹಾಡಿನ ಚರಿತ್ರೆಯನ್ನೂ ಗಾಯಕರ ಜೀವನಗಳನ್ನೂ ಪುಸ್ತಕ ಪುಸ್ತಕವಾಗಿ ಬರೆದವರೂ ಅವರೇ. ಒಂದು ಕೈಯಲ್ಲಿ ಚರಿತ್ರೆ, ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕ. ಕೇಳಿ ನನಗೆ ಆಶ್ಚರ್ಯವಾಯಿತು.

ಅಲ್ಲಿ ಎಲ್ಲವೂ ನ್ಯಾಯವಾಗಿ ನಡೆಯಿತೆಂದು ತಿಳಿಯಬಾರದು. 1927ರಲ್ಲಿ ರಾಲ್ಫ್ ಪೀರ್ ಎಂಬಾತ ಬ್ರಿಸ್ಟಲ್ ಎಂಬ ಊರಿಗೆ ಯಂತ್ರ ತಂದಿಟ್ಟು ಹಳ್ಳಿಗಾಯಕರನ್ನು ಕರೆದಾಗ, ಕಾರ್ಟರ್ ಮನೆತನದವರು ಬೆಟ್ಟದಿಂದ ಇಳಿದು ಬಂದು ಹಾಡಿದರು. ಹಾಡಿಗೆ 50 ಡಾಲರ್. ತಟ್ಟೆ ಮಾರಿದ ಹಾಗೆಲ್ಲ ಸಣ್ಣದೊಂದು ಪಾಲು. ಅವರ ಹೆಸರು ಉಳಿಯಿತು. ಆದರೆ ಆ ಮನೆಯ ಎ.ಪಿ. ಕಾರ್ಟರ್ ಮುಂದೆ ಹಾಡು ಹುಡುಕಿಕೊಂಡು ಊರೂರು ತಿರುಗಿದಾಗ, ಜೊತೆಗೆ ನಡೆದು ಮಟ್ಟುಗಳನ್ನು ನೆನಪಿನಲ್ಲಿ ಹಿಡಿದು ತಂದವನು ಲೆಸ್ಲೀ ರಿಡಲ್ ಎಂಬ ಕರಿಯ ಗಾಯಕ. ತಟ್ಟೆಗಳ ಮೇಲೆ ಅವನ ಹೆಸರಿರಲಿಲ್ಲ. ಓದಿದಾಗ ನನಗೆ ನಮ್ಮ ಜಗುಲಿಯೇ ಕಣ್ಣಮುಂದೆ ಬಂದಿತು.

ಆ ರಾತ್ರಿ ಊಟವಾದ ಮೇಲೆ ತಂದೆಯನ್ನು ಕೇಳಿದೆ: "ನಿಮ್ಮ ತಮಟೆಯನ್ನು ಯಾರಾದರೂ ಎಂದಾದರೂ ರೆಕಾರ್ಡು ಮಾಡಿಕೊಂಡರೇ?" ಮಾಡಿಕೊಂಡಿದ್ದರು. ಮಾಲೂರಿನ ಕಡೆಯ ಜಾತ್ರೆಯೊಂದರಲ್ಲಿ, ಪಟ್ಟಣದಿಂದ ಬಂದವರು ಯಾರೋ ಒಂದು ಮಧ್ಯಾಹ್ನವೆಲ್ಲ ಬಾರಿಸಿಸಿ, ಊಟ ಹಾಕಿಸಿ, ಐದು ಜನಕ್ಕೆ ಸೇರಿಸಿ ಐನೂರು ರೂಪಾಯಿ ಕೊಟ್ಟು ಹೋದರಂತೆ. ವರ್ಷ ಕಳೆದು ಮುಳಬಾಗಿಲಿನ ಒಂದು ಮದುವೆಯಲ್ಲಿ ಧ್ವನಿವರ್ಧಕದಿಂದ ತಮ್ಮದೇ ಪೆಟ್ಟು ಕೇಳಿಬಂತಂತೆ. "ಅದು ನಿಮ್ಮದೇ ಎಂದು ಹೇಗೆ ಗೊತ್ತಾಯಿತು?" ಎಂದೆ. ತಂದೆ ನನ್ನನ್ನು ಮರುಕದಿಂದ ನೋಡಿ, "ನಿನ್ನ ಅಕ್ಷರ ನಿನಗೆ ಗೊತ್ತಾಗುವುದಿಲ್ಲವೇ?" ಎಂದರು. ಆ ದಿನ ಅವರನ್ನು ಮದುವೆಗೆ ಕರೆದಿದ್ದವರು, ಪೆಟ್ಟಿಗೆಯೇ ಸಾಕೆಂದು ಅರ್ಧ ಕೂಲಿಗೆ ಕಳುಹಿಸಿಬಿಟ್ಟರಂತೆ. ತನ್ನ ಕೈಯ ಕೆಲಸವನ್ನು ತನ್ನ ಕೈಯೇ ಕಸಿದುಕೊಂಡಿತು!

ಕಾನೂನು ಏನೆನ್ನುತ್ತದೆಂದು ಹುಡುಕಿ ನೋಡಿದೆ. ಜನಪದ ಹಾಡಿಗೆ ಕರ್ತೃ ಇಲ್ಲ. ಆದುದರಿಂದ ಅದು ಯಾರ ಸ್ವತ್ತೂ ಅಲ್ಲ. ಆದರೆ ಹಾಡಿದ ಹಾಡಿಕೆ, ಬಾರಿಸಿದ ಬಾರಿಸುವಿಕೆ ಕಲಾವಿದನದು. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಿದ್ದುಪಡಿಯಾಗಿ, ಪ್ರದರ್ಶಕನ ಒಪ್ಪಿಗೆಯಿಲ್ಲದೆ ಧ್ವನಿಮುದ್ರಿಸಕೂಡದೆಂದಾಯಿತು. 2012ರ ತಿದ್ದುಪಡಿ, ವ್ಯಾಪಾರಕ್ಕೆ ಬಳಸಿದರೆ ಅವನಿಗೆ ಪಾಲು ಸಲ್ಲಬೇಕೆಂದಿತು. ಈ ಹಕ್ಕಿನ ಆಯುಸ್ಸು 50 ವರ್ಷ. ಇಷ್ಟೆಲ್ಲ ಇದ್ದೂ, ಯಾವ ದಿನ, ಯಾವ ಊರಿನಲ್ಲಿ, ಯಾರು ಬಾರಿಸಿದರೆಂಬುದಕ್ಕೆ ಚೀಟಿಯೊಂದಿಲ್ಲದಿದ್ದರೆ ಕಾನೂನು ತಾನೇ ಏನು ಮಾಡೀತು? 2007ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ತಂದೆಯ ತಂಡದವರೆಲ್ಲ ಸೇರಿ ಸಿಹಿ ತಿಂದರು. ಆ ಗೌರವ ದೊಡ್ಡದು. ಆದರೆ ಒಬ್ಬರ ಎದೆಯ ಪದಕದಿಂದ ಉಳಿದವರ ಕೂಲಿ ನೆಟ್ಟಗಾಗುವುದಿಲ್ಲ.

ನಾನು ಎರಡು ರೂಪಾಯಿಯ ಕೆಲಸವೊಂದನ್ನು ಶುರುಮಾಡಿದ್ದೇನೆ. ಹಳೆಯ ನೋಟುಪುಸ್ತಕವೊಂದರ ಉಳಿದ ಹಾಳೆಗಳಲ್ಲಿ ಗೆರೆ ಹಾಕಿ ತಾರೀಖು, ಊರು, ಸಂದರ್ಭ, ಬಾರಿಸಿದವರ ಹೆಸರು, ಒಪ್ಪಿದ ಹಣ, ಬಂದ ಹಣ, ರೆಕಾರ್ಡು ಮಾಡಿದವರು ಯಾರು ಎಂದು ಬರೆಯುತ್ತಿದ್ದೇನೆ. ಮೈಸೂರಿನಲ್ಲಿಯೋ, 2011ರಲ್ಲಿ ಸ್ಥಾಪನೆಯಾದ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿಯೋ ಎಂ.ಎ. ಓದಬೇಕೆಂಬ ಆಸೆಯಿದೆ, ಹೋದರೆ ಈ ಪುಸ್ತಕವನ್ನೂ ಒಯ್ಯುತ್ತೇನೆ. ಮೊದಲ ಪುಟವನ್ನು ತಂದೆಗೆ ತೋರಿಸಿದಾಗ ಅವರು, "ಇದರಲ್ಲಿ ನಾನು ಯಾವುದು?" ಎಂದು ಕೇಳಿದರು. ತೋರಿಸಿದೆ. ಬೆರಳಿಟ್ಟು ನೋಡಿ, "ಬಹಳ ಚಿಕ್ಕದಾಗಿ ಬರೆದಿದ್ದೀಯೆ" ಎಂದರು. ದೊಡ್ಡದಾಗಿ ತಿದ್ದಿದೆ.

ಕಡೆಯದಾಗಿ ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ಒಂದು ವಿನಂತಿ. ಕಳೆದ ವರ್ಷದ ಆಹ್ವಾನ ಪತ್ರಿಕೆಯಲ್ಲಿ ಅತಿಥಿಗಳ ಹೆಸರುಗಳೆಲ್ಲ ಪದವಿಗಳೊಡನೆ ಅಚ್ಚಾಗಿದ್ದವು. ಕೆಳಗೆ 'ಜಾನಪದ ತಂಡದಿಂದ ಮೆರವಣಿಗೆ' ಎಂದಷ್ಟೇ ಇದ್ದಿತು. ಈ ವರ್ಷ ಬಾರಿಸುವವರು ಯಾರೇ ಆಗಲಿ, ಅವರ ಹೆಸರುಗಳನ್ನೂ ಅಚ್ಚುಹಾಕಿಸೋಣ. ಐದು ಹೆಸರಿಗೆ ಒಂದು ಸಾಲು ಸಾಕು. ನಮ್ಮ ತಂದೆಯೇ ಬಂದರೆ ಗೇಟಿನ ಬಳಿ ಬೆಂಕಿಗೆ ಹುಲ್ಲು ಹಾಕುತ್ತ ನಾನೂ ಅವರ ಪಕ್ಕದಲ್ಲಿ ಕುಳಿತಿರುತ್ತೇನೆ. ಸ್ನೇಹಿತರು ಬಂದು ಮಾತನಾಡಿಸಬಹುದು.