ಪದಗಳ ಕುಲ ಕೇಳಲು ಗಾಫ್ ಸ್ಕ್ವೇರಿಗೆ

ಲಂಡನ್ನಿನ ಬ್ಯಾಂಕ್ ನಿಲ್ದಾಣದಲ್ಲಿ ಸೆಂಟ್ರಲ್ ಲೈನಿನ ಪ್ಲಾಟ್‌ಫಾರ್ಮ್ ಬಿಲ್ಲಿನಂತೆ ಬಾಗಿದೆ. ರೈಲು ಬಂದು ನಿಂತರೂ ನಡುವೆ ಕಾಲು ಸಿಕ್ಕಿಕೊಳ್ಳುವಷ್ಟು ಸಂದು. ‘ಮೈಂಡ್ ದ ಗ್ಯಾಪ್’ ಎಂದಿತು ಮೈಕಿನ ದನಿ. ಮೈಂಡ್ ಅಂದರೆ ಮನಸ್ಸು, ನಾಮಪದ ಎಂದು ಐದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದವನು ನಾನು. ಇಲ್ಲಿ ನೋಡಿದರೆ ಅದೇ ಮೈಂಡು ವಾಕ್ಯದ ತಲೆಗೆ ಬಂದು ಕೂತು, ಕ್ರಿಯಾಪದವಾಗಿ ‘ಜೋಪಾನ’ ಎಂದು ಗದರುತ್ತಿದೆ! ಪ್ರತ್ಯಯದ ಬಾಲವಿಲ್ಲ, ಏನಿಲ್ಲ. ಕೂತ ಜಾಗ ಬದಲಾಯಿತು, ಕುಲವೂ ಬದಲಾಯಿತು.

ನಮ್ಮಲ್ಲಾದರೆ ‘ಮನಸ್ಸು ಮಾಡು’ ಎನ್ನಬೇಕು. ಓದು, ನಡೆ, ಬೆಳೆಯಂಥ ಎರಡು ದೋಣಿಯ ಪಯಣಿಗರು ಕನ್ನಡದಲ್ಲೂ ಇದ್ದಾರೆ, ನಿಜ. ಆದರೆ ಇಂಗ್ಲಿಷಿನಿಂದ ಬಂದ ಕ್ರಿಯಾಪದಕ್ಕೂ ‘ಪಾರ್ಕ್ ಮಾಡು’ ಎಂದು ಒಂದು ‘ಮಾಡು’ ಗಂಟು ಹಾಕದೆ ನಾವು ಸಾಮಾನ್ಯವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಪದಗಳ ಕುಲ ವಿಚಾರಿಸಲೆಂದೇ ಹೊರಟವನು ಚಾನ್ಸರಿ ಲೇನಿನಲ್ಲಿ ಇಳಿದು, ಓಣಿಗಳಲ್ಲಿ ಎರಡು ಸಲ ದಾರಿ ತಪ್ಪಿ, ಗಾಫ್ ಸ್ಕ್ವೇರಿನ 17ನೇ ನಂಬರಿನ ಇಟ್ಟಿಗೆ ಮನೆ ಮುಟ್ಟಿದೆ. ಡಾ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ಇಂಗ್ಲಿಷ್ ನಿಘಂಟು ಸಿದ್ಧವಾದದ್ದು ಇದರ ಅಟ್ಟದಲ್ಲಿ. ಮೆಟ್ಟಿಲು ಹತ್ತಿ ಏದುಸಿರು ಬಂದಿತ್ತು. ಮೇಲೆ ಹೋಗಿ ನಿಂತಾಗ ಇದ್ದ ಉಸಿರೂ ನಿಂತಿತು. ಇಷ್ಟೇ ಜಾಗದಲ್ಲಿ ಸುಮಾರು 42,000 ಪದಗಳೇ! ಜಾನ್ಸನ್ ಪುಸ್ತಕಗಳನ್ನು ಓದುತ್ತ ಬೇಕಾದ ಪದಕ್ಕೆ ಗುರುತು ಹಾಕುವುದು, ಆರು ಜನ ಸಹಾಯಕರು ಆ ವಾಕ್ಯಗಳನ್ನು ಚೀಟಿಗಳಿಗೆ ಇಳಿಸಿಕೊಳ್ಳುವುದು. ಆಮೇಲೆ ಪದದ ಪಕ್ಕದಲ್ಲಿ ನಾಮವೋ, ವಿಶೇಷಣವೋ, ಕ್ರಿಯೆಯೋ ಎಂಬ ಪುಟ್ಟ ಸಂಕೇತ. ‘ಟೇಕ್’ ಎಂಬ ಒಂದೇ ಉಸಿರಿನ ಪದಕ್ಕೆ ಸಕರ್ಮಕವಾಗಿ 113 ಅರ್ಥ, ಅಕರ್ಮಕವಾಗಿ 21. ನನಗೆ ಗೊತ್ತಿದ್ದದ್ದು ನಾಲ್ಕೋ ಐದೋ.

ವಾಕ್ಯ ಮೊದಲು, ಕುಲ ಆಮೇಲೆ. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ‘ರೌಂಡ್’ ಎಂದಷ್ಟೇ ಬರೆದು ‘ಇದು ಯಾವ ಪದ?’ ಎಂದು ಬೆತ್ತ ಹಿಡಿದು ನಿಲ್ಲುತ್ತಿದ್ದರು. ಆ ಪದ ನಾಮ, ವಿಶೇಷಣ, ಕ್ರಿಯೆ, ಕ್ರಿಯಾವಿಶೇಷಣ ಎಲ್ಲವೂ ಆಗಬಲ್ಲದು. ಅಂದು ತಿಂದ ಏಟು ಅನ್ಯಾಯದ್ದು ಎಂದು ಅಟ್ಟದಲ್ಲಿ ನಿಂತು ತೀರ್ಮಾನಿಸಿದೆ.

ಹೊರಗೆ ಚೌಕದಲ್ಲಿ ಜಾನ್ಸನ್ನರ ಬೆಕ್ಕು ಹಾಜ್ ಕಂಚಿನ ಮೈ ಹೊತ್ತು ನಿಘಂಟಿನ ಮೇಲೆ ಕೂತಿದೆ, ಕಾಲ ಬಳಿ ಆಯ್‌ಸ್ಟರ್ ಅಂದರೆ ಸಿಂಪಿಯ ಚಿಪ್ಪು. ಅದಕ್ಕೆ ಆಯ್‌ಸ್ಟರ್ ತರಲು ಜಾನ್ಸನ್ ತಾವೇ ಹೋಗುತ್ತಿದ್ದರಂತೆ. ಆ ಮಾತಿನಲ್ಲಿ ‘ಆಯ್‌ಸ್ಟರ್’ ನಾಮಪದ. ವಾಪಸು ರೈಲಿಗೆ ಟಿಕೆಟ್ಟಾಗಿ ಜೇಬಿನಿಂದ ತೆಗೆದ ಆಯ್‌ಸ್ಟರ್ ಕಾರ್ಡಿನಲ್ಲಿ ಅದೇ ಪದ ವಿಶೇಷಣದ ಸೀಟಿನಲ್ಲಿ ಕೂತಿತ್ತು.